ಆಕಾಶದ ಚಿತ್ರದೊಂದಿಗೆ ಅದರ ಪಟ್ಟಿ ಸಂಖ್ಯೆಯನ್ನೂ ಮುದ್ರಿಸಿ

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ವಿಜ್ಞಾನ ಪುಟದಲ್ಲಿ ಕೆಲವು ತಿಂಗಳಿಂದ ದೂರದ ಆಕಾಶಕಾಯಗಳ ವರ್ಣಚಿತ್ರಗಳು ಪ್ರಕಟವಾಗುತ್ತಿವೆ. ಅವುಗಳನ್ನು ಕತ್ತರಿಸಿ ಜೋಪಾನವಾಗಿ ಇಟ್ಟುಕೊಳ್ಳುವ ಓದುಗರಲ್ಲಿ ನಾನೂ ಒಬ್ಬ. ಆ ಮೆಚ್ಚುಗೆಯಿಂದಲೇ ಒಂದು ಕೊರತೆಯನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ. ಚಿತ್ರಗಳ ಕೆಳಗೆ ‘ವಿಶ್ವದ ವಿಸ್ಮಯ’, ‘ನೀಹಾರಿಕೆಯ ಮೋಹಕ ನೋಟ’ ಎಂಬಂಥ ಸಾಲುಗಳಿರುತ್ತವೆಯೇ ಹೊರತು ಆ ಕಾಯ ಯಾವುದು, ಆಕಾಶದ ಯಾವ ಭಾಗದಲ್ಲಿದೆ, ಖಗೋಳ ಪಟ್ಟಿಗಳಲ್ಲಿ ಅದರ ಸಂಖ್ಯೆ ಏನು ಎಂಬುದು ಇರುವುದಿಲ್ಲ. ಒಮ್ಮೆ ದೇವಯಾನಿ (ಆಂಡ್ರೊಮಿಡಾ) ಗೆಲಾಕ್ಸಿಯ ಚಿತ್ರಕ್ಕೆ ‘ನೀಹಾರಿಕೆ’, ಅಂದರೆ ಅನಿಲ-ಧೂಳಿನ ಮೋಡ, ಎಂಬ ಶೀರ್ಷಿಕೆ ಬಂದಿತ್ತು. ಇನ್ನೊಮ್ಮೆ ಒಂದು ಗೋಳಾಕಾರದ ನಕ್ಷತ್ರಗುಚ್ಛವನ್ನು ‘ಗೆಲಾಕ್ಸಿ’ ಎಂದು ಕರೆಯಲಾಗಿತ್ತು. ದೇವಯಾನಿಯ ಚಿತ್ರದ ಜೊತೆಗೆ ಖಗೋಳ ಪಟ್ಟಿಗಳಲ್ಲಿನ ಅದರ ಸಂಖ್ಯೆಯಾದ ‘ಎಂ 31’ ಅಥವಾ ‘ಎನ್‌ಜಿಸಿ 224’ ಎಂಬ ಎರಡೇ ಎರಡು ಪದಗಳಿದ್ದಿದ್ದರೆ ಓದುಗರು ತಾವೇ ಹುಡುಕಿ ಸರಿಯಾದುದನ್ನು ತಿಳಿಯಬಹುದಿತ್ತು.

ಸಂಖ್ಯೆ ಎಂಬುದು ಒಣ ವಿವರ, ಅದು ಸಾಮಾನ್ಯ ಓದುಗರಿಗೆ ಬೇಡ ಎಂಬ ಭಾವನೆ ಸಂಪಾದಕೀಯ ವಿಭಾಗದಲ್ಲಿ ಇರಬಹುದು. ಅದನ್ನು ನಾನು ವಿನಯದಿಂದಲೇ ಒಪ್ಪುವುದಿಲ್ಲ. ಸಂಖ್ಯೆಯಿಲ್ಲದ ಚಿತ್ರ ನೋಡಿ ಮುಗಿಸುವ ಚಿತ್ರ ಮಾತ್ರ. ಸಂಖ್ಯೆಯಿದ್ದರೆ ಅದು ಒಂದು ವಿಳಾಸ. ಆ ವಿಳಾಸ ಹಿಡಿದು ಹೊರಟ ಓದುಗ ನಕ್ಷೆಯಲ್ಲಿ ಅದರ ಸ್ಥಾನ ಗುರುತಿಸಬಹುದು, ಕತ್ತಲ ರಾತ್ರಿಯಲ್ಲಿ ಬೈನಾಕ್ಯುಲರ್ ಹಿಡಿದು ತಾನೇ ನೋಡಬಹುದು, ಎರಡೂವರೆ ಶತಮಾನಗಳಿಂದ ಅದರ ಬಗ್ಗೆ ಯಾರು ಏನೇನು ಬರೆದಿಟ್ಟಿದ್ದಾರೆ ಎಂಬುದನ್ನು ಓದಬಹುದು. ಈ ವಿಳಾಸಗಳು ತಾವಾಗಿ ಹುಟ್ಟಿದವಲ್ಲ. ಅವುಗಳ ಹಿಂದೆ ಒಂದು ದೊಡ್ಡ ದುಡಿಮೆಯಿದೆ, ಅದರಲ್ಲೂ ತಪ್ಪುಗಳನ್ನು ಹುಡುಕಿ ತಿದ್ದಿದ ದುಡಿಮೆಯಿದೆ. ಹೊಸ ಆವಿಷ್ಕಾರದ ಸುದ್ದಿಗೆ ಸಿಗುವ ಜಾಗದಲ್ಲಿ ಕಾಲು ಭಾಗವಾದರೂ ಈ ಕೆಲಸಕ್ಕೆ ಸಿಗಬೇಕು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣವನ್ನು ತುಸು ವಿವರವಾಗಿಯೇ ಹೇಳಲು ಅವಕಾಶ ಕೊಡಬೇಕು.

‘ಎಂ’ ಅಕ್ಷರ ಫ್ರಾನ್ಸಿನ ಚಾರ್ಲ್ಸ್ ಮೆಸ್ಸಿಯೇ ಅವರ ಹೆಸರಿನಿಂದ ಬಂದದ್ದು. 1730ರಲ್ಲಿ ಹುಟ್ಟಿದ ಅವರು ಧೂಮಕೇತುಗಳ ಬೇಟೆಗಾರರು. 1758ರಲ್ಲಿ ಒಂದು ಧೂಮಕೇತುವನ್ನು ಹಿಂಬಾಲಿಸುತ್ತಿದ್ದಾಗ ವೃಷಭ ರಾಶಿಯಲ್ಲಿ ಇನ್ನೊಂದು ಮಸುಕು ಬೆಳಕು ಅವರ ಕಣ್ಣಿಗೆ ಬಿತ್ತು. ಧೂಮಕೇತುವಾದರೆ ದಿನದಿಂದ ದಿನಕ್ಕೆ ಜಾಗ ಬದಲಿಸಬೇಕು, ಇದು ಕದಲಲಿಲ್ಲ. ಹೀಗೆ ಕಣ್ಣನ್ನು ಮೋಸಗೊಳಿಸುವ ಕಾಯಗಳನ್ನು ಗುರುತು ಹಾಕಿಟ್ಟರೆ ತನಗೂ ಇತರ ಬೇಟೆಗಾರರಿಗೂ ಸಮಯ ಉಳಿಯುತ್ತದೆ ಎಂದು ಅವರು ಪಟ್ಟಿ ಮಾಡತೊಡಗಿದರು. 45 ಕಾಯಗಳ ಮೊದಲ ಪಟ್ಟಿ 1774ರಲ್ಲಿ ಅಚ್ಚಾಯಿತು. 1781ರ ಹೊತ್ತಿಗೆ, ಸಹ ಖಗೋಳಜ್ಞ ಪಿಯರ್ ಮೆಷೆನ್ ಅವರ ನೆರವಿನಿಂದ, ಅದು 103ಕ್ಕೆ ಬೆಳೆಯಿತು. ಅವರ ಟಿಪ್ಪಣಿಗಳ ಆಧಾರದ ಮೇಲೆ 20ನೆಯ ಶತಮಾನದಲ್ಲಿ ಇನ್ನೂ ಏಳು ಸೇರಿ ಈಗ ನಾವು ಬಳಸುವ ಪಟ್ಟಿ 110ರವರೆಗೆ ಹೋಗುತ್ತದೆ. ಆ ಮೊದಲ ಮಸುಕು ಬೆಳಕೇ ಎಂ 1, ಅಂದರೆ ಏಡಿ ನೀಹಾರಿಕೆ. 1054ರಲ್ಲಿ ಚೀನಾದ ಖಗೋಳಜ್ಞರು ‘ಅತಿಥಿ ನಕ್ಷತ್ರ’ ಎಂದು ದಾಖಲಿಸಿದ ಸೂಪರ್ನೋವಾದ (ನಕ್ಷತ್ರ ಸ್ಫೋಟದ) ಅವಶೇಷ ಅದೇ ಎಂಬುದು 20ನೆಯ ಶತಮಾನದಲ್ಲಿ ಗೊತ್ತಾಯಿತು. ಮೆಸ್ಸಿಯೇ ಅವರಿಗೆ ಅದು ಬೇಡದ ವಸ್ತು. ಅವರು ಹುಡುಕಿದ ಧೂಮಕೇತುಗಳನ್ನು ಇಂದು ನೆನೆಯುವವರು ವಿರಳ, ಬೇಡವೆಂದು ಬದಿಗಿಟ್ಟವುಗಳ ಪಟ್ಟಿಯನ್ನು ಮಾತ್ರ ಜಗತ್ತೇ ಬಳಸುತ್ತಿದೆ.

ಈ ಪಟ್ಟಿಯ ಒಂದು ನಮೂದಿನ ಕಥೆಯನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಅದು ನನ್ನನ್ನೂ ಕೆಲವು ರಾತ್ರಿ ಅಲೆಯಿಸಿದೆ. 1771ರ ಫೆಬ್ರವರಿ 19ರಂದು ಮೆಸ್ಸಿಯೇ ಲುಬ್ಧಕ ನಕ್ಷತ್ರದ ಪೂರ್ವಕ್ಕೆ, ನೌಕಾಪೃಷ್ಠ ಪುಂಜದಲ್ಲಿ, ಎರಡು ನಕ್ಷತ್ರಗುಚ್ಛಗಳನ್ನು ಕಂಡು 46 ಮತ್ತು 47 ಎಂದು ಸಂಖ್ಯೆ ಕೊಟ್ಟರು. 46 ಅವರು ಹೇಳಿದ ಜಾಗದಲ್ಲಿಯೇ ಇದೆ. 47 ಇರಬೇಕಾದ ಜಾಗದಲ್ಲಿ ಗುಚ್ಛವೆಂದು ಕರೆಯಬಹುದಾದ ಏನೂ ಇಲ್ಲ. ಮುಂದೆ ಬಂದ ಖಗೋಳಜ್ಞರು ಅದನ್ನು ‘ಕಳೆದುಹೋದ’ ಕಾಯವೆಂದೇ ಭಾವಿಸಿದರು. ಸ್ವಾರಸ್ಯವೆಂದರೆ ಎಂ 46ರ ಪಕ್ಕದಲ್ಲೇ, ಇನ್ನೊಂದು ದಿಕ್ಕಿಗೆ, ಬರಿಗಣ್ಣಿಗೂ ಮಸುಕಾಗಿ ಕಾಣುವಷ್ಟು ಪ್ರಕಾಶವಾದ ಒಂದು ಗುಚ್ಛ ಇದ್ದೇ ಇತ್ತು. ಇಂಗ್ಲೆಂಡಿನಲ್ಲಿದ್ದ ಖಗೋಳಜ್ಞ ವಿಲಿಯಂ ಹರ್ಷಲ್ 1785ರಲ್ಲಿ ಅದನ್ನು ಹೊಸದೆಂದೇ ದಾಖಲಿಸಿದರು. ಎನ್‌ಜಿಸಿ ಎಂಬ 1888ರ ದೊಡ್ಡ ಪಟ್ಟಿಯಲ್ಲಿ (ಅದರ ಕಥೆ ಮುಂದೆ ಬರುತ್ತದೆ) ಹರ್ಷಲ್ ಕಂಡ ಗುಚ್ಛಕ್ಕೆ ಎನ್‌ಜಿಸಿ 2422 ಎಂದೂ, ಮೆಸ್ಸಿಯೇ ಹೇಳಿದ ಖಾಲಿ ಜಾಗಕ್ಕೆ ಎನ್‌ಜಿಸಿ 2478 ಎಂದೂ ಎರಡು ಸಂಖ್ಯೆಗಳು ಬಿದ್ದವು. 1934ರಲ್ಲಿ ಓಸ್ವಾಲ್ಡ್ ಥಾಮಸ್, ಬಳಿಕ ಅವರ ಕೆಲಸ ತಿಳಿಯದೆಯೇ 1959ರಲ್ಲಿ ಟಿ.ಎಫ್. ಮಾರಿಸ್, ಈ ಗೋಜಲನ್ನು ಬಿಡಿಸಿದರು. ಮೆಸ್ಸಿಯೇ ಹತ್ತಿರದ ಒಂದು ನಕ್ಷತ್ರದಿಂದ ಗುಚ್ಛದ ಅಂತರವನ್ನು ಸರಿಯಾಗಿಯೇ ಅಳೆದಿದ್ದರು. ಆದರೆ ಲೆಕ್ಕ ಹಾಕುವಾಗ ಕಳೆಯಬೇಕಾದಲ್ಲಿ ಕೂಡಿಸಿದ್ದರು. ಆ ಒಂದು ಚಿಹ್ನೆ ತಿರುವುಮುರುವಾದದ್ದನ್ನು ಸರಿಪಡಿಸಲು 163 ವರ್ಷ ಬೇಕಾಯಿತು.

ನಾನು ಆಕಾಶ ನೋಡಲು ತೊಡಗಿದ ಹೊಸತರಲ್ಲಿ ಹಳೆಯ ಪಟ್ಟಿಯೊಂದರಲ್ಲಿ 2478 ಎಂಬ ಸಂಖ್ಯೆ ಕಂಡು ಮೂರು ರಾತ್ರಿ ಆ ಜಾಗವನ್ನು ಜಾಲಾಡಿದ್ದೆ. ಚದುರಿದ ಕೆಲವು ನಕ್ಷತ್ರಗಳ ಹೊರತು ಏನೂ ಸಿಗದೆ ನನ್ನ ಟಿಪ್ಪಣಿ ಪುಸ್ತಕದಲ್ಲಿ ‘ಕಾಣಲಿಲ್ಲ, ಬಹುಶಃ ಉಪಕರಣ ಸಾಲದು’ ಎಂದು ಬರೆದಿಟ್ಟೆ. ವರ್ಷಗಳ ನಂತರ ಮೇಲಿನ ಕಥೆ ಓದಿದಾಗ, ಆ ಮೂರೂ ರಾತ್ರಿ ನಾನು ಹುಡುಕುತ್ತಿದ್ದ ಗುಚ್ಛದ ಮೇಲೆಯೇ ನನ್ನ ಬೈನಾಕ್ಯುಲರ್ ಹಾದುಹೋಗಿತ್ತೆಂದು ತಿಳಿಯಿತು. ಪಟ್ಟಿಯ ಒಂದು ಸಾಲು ಸರಿಯಾಗಿರುವುದು ಎಂದರೇನು ಎಂಬುದು ನನಗೆ ಅರ್ಥವಾದದ್ದು ಅಂದು.

ಎಂ 91ರ ಕಥೆಯೂ ಇಂಥದ್ದೇ. ಅದರ ಸ್ಥಾನವನ್ನು ಅಳೆಯಲು ಆಧಾರವಾಗಿಟ್ಟುಕೊಂಡ ಗೆಲಾಕ್ಸಿ ಯಾವುದೆಂಬುದರಲ್ಲಿಯೇ ಗೊಂದಲವಾಗಿತ್ತೆಂದು ಹವ್ಯಾಸಿಯೊಬ್ಬರು 1969ರಲ್ಲಿ ತೋರಿಸಿಕೊಟ್ಟರು. ಎಂ 102 ಯಾವುದು ಎಂಬ ಚರ್ಚೆ ಇಂದಿಗೂ ಪೂರ್ತಿ ಮುಗಿದಿಲ್ಲ. ಅದು ಎಂ 101ರ ಪುನರಾವರ್ತನೆಯಷ್ಟೇ ಎಂದು ಮೆಷೆನ್ 1783ರಲ್ಲಿ ಪತ್ರ ಬರೆದು ಒಪ್ಪಿಕೊಂಡಿದ್ದರೂ, ಹಲವರು ಅದನ್ನು ಎನ್‌ಜಿಸಿ 5866 ಎಂದು ಗುರುತಿಸುತ್ತಾರೆ.

ವಿಲಿಯಂ ಹರ್ಷಲ್ ಅವರ ಹೆಸರು ಬಂದ ಮೇಲೆ ಅವರ ತಂಗಿ ಕ್ಯಾರೊಲಿನ್ ಅವರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. 1783ರಿಂದ ಸುಮಾರು ಎರಡು ದಶಕ ಈ ಅಣ್ಣ-ತಂಗಿ ಇಂಗ್ಲೆಂಡಿನಲ್ಲಿ ಆಕಾಶವನ್ನು ಪಟ್ಟಿಪಟ್ಟಿಯಾಗಿ ಗುಡಿಸಿದರು ಎನ್ನಬೇಕು. ಇಪ್ಪತ್ತು ಅಡಿ ಉದ್ದದ ದೂರದರ್ಶಕವನ್ನು ದಕ್ಷಿಣೋತ್ತರ ರೇಖೆಗೆ ನಿಲ್ಲಿಸಿ, ನಿಧಾನವಾಗಿ ಮೇಲೆ ಕೆಳಗೆ ಆಡಿಸುತ್ತಿದ್ದರೆ, ಭೂಮಿಯ ಆವರ್ತನೆಯಿಂದ ಆಕಾಶವೇ ಅದರ ಮುಂದೆ ಸರಿದುಹೋಗುತ್ತದೆ. ಅಣ್ಣ ಕಂಡದ್ದನ್ನು ಕೂಗಿ ಹೇಳುವುದು, ತಂಗಿ ಗಡಿಯಾರ ನೋಡಿ ಸಮಯ, ಕೋನ, ವರ್ಣನೆಗಳನ್ನು ಬರೆದುಕೊಳ್ಳುವುದು, ಮರುದಿನ ಹಗಲು ಅವಳೇ ಲೆಕ್ಕ ಹಾಕಿ ಸ್ಥಾನ ನಿರ್ಧರಿಸಿ ಶುದ್ಧಪ್ರತಿ ಮಾಡುವುದು. 1783ರ ಡಿಸೆಂಬರ್ 31ರ ರಾತ್ರಿ, ಹಿಮ ಬಿದ್ದ ನೆಲದಲ್ಲಿ ಓಡುವಾಗ, ದೂರದರ್ಶಕದ ಚೌಕಟ್ಟಿನ ಕಬ್ಬಿಣದ ಕೊಂಡಿ ಕ್ಯಾರೊಲಿನ್ ಅವರ ಕಾಲಿಗೆ ಆಳವಾಗಿ ಚುಚ್ಚಿಕೊಂಡಿತು. ಗಾಯ ವಾಸಿಯಾಗಲು ವಾರಗಳೇ ಹಿಡಿದವು. 1786, 1789 ಮತ್ತು 1802ರಲ್ಲಿ ಪ್ರಕಟವಾದ ಮೂರು ಪಟ್ಟಿಗಳಲ್ಲಿ ಒಟ್ಟು ಸುಮಾರು 2500 ಕಾಯಗಳಿದ್ದವು. ಎನ್‌ಜಿಸಿ 253ರಂಥ ಸುಂದರ ಗೆಲಾಕ್ಸಿಯನ್ನೂ, ಎನ್‌ಜಿಸಿ 7789 ಎಂಬ ದಟ್ಟ ಗುಚ್ಛವನ್ನೂ ಮೊದಲು ಕಂಡವರು ಸ್ವತಃ ಕ್ಯಾರೊಲಿನ್.

ಆದರೆ ನನ್ನ ಗೌರವ ಹೆಚ್ಚುವುದು ಅವರ ಕೊನೆಯ ಕೆಲಸದ ಬಗ್ಗೆ. 1822ರಲ್ಲಿ ಅಣ್ಣ ತೀರಿಕೊಂಡ ಮೇಲೆ, 72ನೆಯ ವಯಸ್ಸಿನಲ್ಲಿ, ಅವರು ಹುಟ್ಟೂರು ಹ್ಯಾನೋವರ್‌ಗೆ ಮರಳಿದರು. ಅಲ್ಲಿ ಕುಳಿತು, ವರ್ಗವಾರು ಇದ್ದ ಆ ಪಟ್ಟಿಗಳನ್ನೆಲ್ಲ ಬಿಚ್ಚಿ, ಆಕಾಶದ ಧ್ರುವದಿಂದ ಎಷ್ಟು ದೂರ ಎಂಬ ಲೆಕ್ಕದಲ್ಲಿ ವಲಯಗಳಾಗಿ ಮತ್ತೆ ಜೋಡಿಸಿದರು. ಅಣ್ಣನ ಮಗ ಜಾನ್ ಹರ್ಷಲ್ ಆ ಕಾಯಗಳನ್ನು ಒಂದೊಂದಾಗಿ ಮರುಪರಿಶೀಲಿಸಲು ಸಾಧ್ಯವಾದದ್ದು ಈ ಮರುಜೋಡಣೆಯಿಂದ. ಒಂದು ರಾತ್ರಿ ಆಕಾಶದ ಒಂದು ವಲಯವನ್ನು ನೋಡುವವನಿಗೆ ಬೇಕಾದದ್ದು ‘ಎಲ್ಲ ಮಸುಕು ಕಾಯಗಳು’ ಎಂಬ ವರ್ಗವಲ್ಲ, ‘ಈ ವಲಯದಲ್ಲಿ ಏನೇನಿದೆ’ ಎಂಬ ಪುಟ. ಹೊಸದಾಗಿ ಒಂದೂ ಕಾಯ ಸೇರದ, ಕೇವಲ ಜೋಡಣೆಯ ಈ ಹಸ್ತಪ್ರತಿಗೆ ಲಂಡನ್ನಿನ ಖಗೋಳ ಸಂಘ 1828ರಲ್ಲಿ ಚಿನ್ನದ ಪದಕ ಕೊಟ್ಟಿತು. ಆ ಪದಕ ಮತ್ತೊಬ್ಬ ಮಹಿಳೆಗೆ ಸಂದದ್ದು 1996ರಲ್ಲಿ, ಅಮೆರಿಕದ ಖಗೋಳಜ್ಞೆ ವೆರಾ ರೂಬಿನ್ ಅವರಿಗೆ.

ಜಾನ್ ಹರ್ಷಲ್ 1834ರಿಂದ 1838ರವರೆಗೆ ಗುಡ್ ಹೋಪ್ ಭೂಶಿರದಲ್ಲಿದ್ದು ದಕ್ಷಿಣದ ಆಕಾಶವನ್ನೂ ಸೇರಿಸಿ, 1864ರಲ್ಲಿ 5079 ಕಾಯಗಳ ‘ಸಾಮಾನ್ಯ ಪಟ್ಟಿ’ಯನ್ನು ಹೊರತಂದರು. ಅದರ ಮೇಲೆ ಕಟ್ಟಿದ್ದೇ ಇಂದು ನಾವು ಎನ್‌ಜಿಸಿ ಎಂದು ಕರೆಯುವ ‘ಹೊಸ ಸಾಮಾನ್ಯ ಪಟ್ಟಿ’. ಅದನ್ನು ಮಾಡಿದವರು ಡೆನ್ಮಾರ್ಕ್ ಮೂಲದ ಜಾನ್ ಲೂಯಿ ಎಮಿಲ್ ಡ್ರೇಯರ್, ಐರ್ಲೆಂಡಿನ ಆರ್ಮಾ ವೀಕ್ಷಣಾಲಯದಲ್ಲಿ ಕುಳಿತು. 1886ರಲ್ಲಿ ಅವರು ಹಳೆಯ ಪಟ್ಟಿಗೆ ಇನ್ನೊಂದು ಅನುಬಂಧ ಕಳಿಸಿದಾಗ, ಅನುಬಂಧಗಳ ಮೇಲೆ ಅನುಬಂಧ ಬೇಡ, ಎಲ್ಲವನ್ನೂ ಕೂಡಿಸಿ ಹೊಸ ಪಟ್ಟಿಯನ್ನೇ ಮಾಡಿಕೊಡಿ ಎಂದು ಖಗೋಳ ಸಂಘ ಕೇಳಿತು. ಎರಡೇ ವರ್ಷಗಳಲ್ಲಿ 7840 ಕಾಯಗಳ ಪಟ್ಟಿ ಸಿದ್ಧವಾಯಿತು. 1895 ಮತ್ತು 1908ರ ‘ಸೂಚಿ ಪಟ್ಟಿ’ಗಳು, ಅಂದರೆ ಐಸಿ ಸಂಖ್ಯೆಗಳು, ಮತ್ತೆ 5386 ಕಾಯಗಳನ್ನು ಸೇರಿಸಿದವು. ಪ್ರತಿ ಕಾಯಕ್ಕೂ ಒಂದೇ ಸಾಲು: ಸಂಖ್ಯೆ, ಕಂಡವರು, ಸ್ಥಾನ, ಮತ್ತು ‘ತೀರ ಮಸುಕು, ಸಣ್ಣದು, ದುಂಡು, ನಡುವೆ ಹೊಳಪು’ ಎಂಬಂಥ ವರ್ಣನೆ ಸಂಕೇತಾಕ್ಷರಗಳಲ್ಲಿ.

ಡ್ರೇಯರ್ ಕಾಯಗಳನ್ನು ಪಶ್ಚಿಮದಿಂದ ಪೂರ್ವಕ್ಕೆ, ವಿಷುವದಂಶದ (ಆಕಾಶದಲ್ಲಿ ಪೂರ್ವ-ಪಶ್ಚಿಮ ಸ್ಥಾನವನ್ನು ಗಂಟೆ-ನಿಮಿಷಗಳಲ್ಲಿ ಹೇಳುವ ಅಳತೆಯ) ಕ್ರಮದಲ್ಲಿ, 1860ರ ಸ್ಥಾನಗಳನ್ನು ಆಧರಿಸಿ ಜೋಡಿಸಿದರು. ಆದರೆ ಭೂಮಿಯ ಅಕ್ಷ ನಿಧಾನವಾಗಿ ಓಲಾಡುವುದರಿಂದ ನಾವು ಅಳತೆ ತೊಡಗುವ ಶೂನ್ಯರೇಖೆಯೇ ಸುಮಾರು 72 ವರ್ಷಗಳಿಗೆ ಒಂದು ಡಿಗ್ರಿಯಂತೆ ಜರುಗುತ್ತದೆ. ಆದ್ದರಿಂದ 2000ದ ಸ್ಥಾನಗಳಲ್ಲಿ ಎನ್‌ಜಿಸಿ 1 ಶೂನ್ಯದಿಂದ ಏಳು ನಿಮಿಷ ಮುಂದಿದೆ. ಅಷ್ಟೇ ಅಲ್ಲ, ಪಟ್ಟಿಯ ಕೊನೆಯ ಸಂಖ್ಯೆಯಾದ 7840 ಕೂಡ ಶೂನ್ಯರೇಖೆಯನ್ನು ದಾಟಿ ಬಂದು ಒಂದನೆಯ ಸಂಖ್ಯೆಗಿಂತ ತುಸುವೇ ಹಿಂದೆ ನಿಂತಿದೆ. ಯಾವ ವರ್ಷದ ಸ್ಥಾನ ಎಂದು ಹೇಳದೆ ಅಂಕಿಯನ್ನಷ್ಟೇ ಮುದ್ರಿಸಿದರೆ ಓದುಗ ದಾರಿ ತಪ್ಪುತ್ತಾನೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

ಇಷ್ಟು ದೊಡ್ಡ ಪಟ್ಟಿಯಲ್ಲಿ ತಪ್ಪುಗಳಿರಲೇಬೇಕು. ಡ್ರೇಯರ್ ತಾವು ನೋಡಿದ್ದಕ್ಕಿಂತ ಬಹುಪಾಲು ಇತರರ ವರದಿಗಳನ್ನು ನಂಬಬೇಕಾಗಿತ್ತು. ಕೆಲವು ವೀಕ್ಷಕರು ವಿಷುವದಂಶವನ್ನು ಹತ್ತಿರದ ನಿಮಿಷಕ್ಕಷ್ಟೇ ಕೊಟ್ಟಿದ್ದರು. ಆಕಾಶದ ಸಮಭಾಜಕದ ಬಳಿ ಒಂದು ನಿಮಿಷವೆಂದರೆ ಕಾಲು ಡಿಗ್ರಿ, ಹುಣ್ಣಿಮೆ ಚಂದ್ರನ ಅರ್ಧ ಅಗಲ. ಆ ಅಂತರದೊಳಗೆ ನಾಲ್ಕಾರು ಮಸುಕು ಗೆಲಾಕ್ಸಿಗಳಿದ್ದರೆ ಯಾವುದನ್ನು ಕಂಡದ್ದೆಂದು ಹೇಳುವುದು ಹೇಗೆ? ಒಂದೇ ಕಾಯವನ್ನು ಇಬ್ಬರು ಬೇರೆ ಬೇರೆ ಸ್ಥಾನಗಳಲ್ಲಿ ವರದಿ ಮಾಡಿದಾಗ ಅದಕ್ಕೆ ಎರಡು ಸಂಖ್ಯೆಗಳು ಬಂದವು. ಎನ್‌ಜಿಸಿ 6 ಮತ್ತು ಎನ್‌ಜಿಸಿ 20 ಒಂದೇ ಗೆಲಾಕ್ಸಿ. ಡ್ರೇಯರ್ ಇದನ್ನು ಮುಚ್ಚಿಡಲಿಲ್ಲ. 1912ರಲ್ಲಿ, ಹರ್ಷಲ್ ಅವರ ಮೂಲ ದಾಖಲೆಗಳನ್ನು ಮತ್ತೆ ಓದಿ, ತಮ್ಮದೇ ಪಟ್ಟಿಯ ತಿದ್ದುಪಡಿಗಳನ್ನು ತಾವೇ ಪ್ರಕಟಿಸಿದರು. 1973ರಲ್ಲಿ ಛಾಯಾಚಿತ್ರಗಳ ಆಧಾರದ ಮೇಲೆ ನಡೆದ ಒಂದು ಪರಿಷ್ಕರಣೆ ನೂರಾರು ನಮೂದುಗಳನ್ನು ‘ಅಸ್ತಿತ್ವದಲ್ಲಿಲ್ಲ’ ಎಂದು ಗುರುತಿಸಿತು. ಅವುಗಳಲ್ಲಿ ಎಷ್ಟೋ ಕಾಯಗಳು ಇದ್ದೇ ಇದ್ದವು, ಹೇಳಿದ ಜಾಗಕ್ಕಿಂತ ಸ್ವಲ್ಪ ಆಚೆಗೆ. ಮೊದಲು ಕಂಡವರ ಕೈಬರಹದ ಟಿಪ್ಪಣಿ ತೆರೆದು, ಆ ರಾತ್ರಿ ಅವರು ಯಾವ ನಕ್ಷತ್ರವನ್ನು ಆಧಾರವಾಗಿ ಇಟ್ಟುಕೊಂಡಿದ್ದರು ಎಂದು ಪತ್ತೆ ಮಾಡಿ, ಒಂದೊಂದನ್ನೇ ಮರಳಿ ಹುಡುಕಿಕೊಟ್ಟವರಲ್ಲಿ ವೃತ್ತಿಪರ ಖಗೋಳಜ್ಞರಷ್ಟೇ ಹವ್ಯಾಸಿಗಳೂ ಇದ್ದಾರೆ.

ಕಾಣಲಿಲ್ಲವೆಂದ ಮಾತ್ರಕ್ಕೆ ಸಾಲನ್ನು ಹೊಡೆದುಹಾಕಬಾರದು ಎಂಬುದಕ್ಕೆ ಇನ್ನೊಂದು ಕಾರಣವೂ ಇದೆ. 1852ರಲ್ಲಿ ಜಾನ್ ರಸೆಲ್ ಹೈಂಡ್ ವೃಷಭ ರಾಶಿಯಲ್ಲಿ ಒಂದು ಸಣ್ಣ ನೀಹಾರಿಕೆಯನ್ನು ಕಂಡರು. ಹತ್ತಾರು ವರ್ಷಗಳಲ್ಲಿ ಅದು ಮಂಕಾಗುತ್ತ ಹೋಗಿ ದೊಡ್ಡ ದೂರದರ್ಶಕಗಳಿಗೂ ಕಾಣದಾಯಿತು. 1890ರಲ್ಲಿ ಮತ್ತೆ ಕಂಡಿತು. ಅಲ್ಲಿ ತಪ್ಪು ಯಾರದೂ ಅಲ್ಲ. ಪಕ್ಕದ ನಕ್ಷತ್ರದ ಬೆಳಕಿನಿಂದ ಹೊಳೆಯುವ ಆ ಧೂಳು, ಬೆಳಕು ಬದಲಾದಂತೆ ತಾನೂ ಬದಲಾಗುತ್ತದೆ. ಅದು ಎನ್‌ಜಿಸಿ 1555. ಹಳೆಯ ಸಾಲನ್ನು ಯಾರಾದರೂ ಅವಸರದಿಂದ ಅಳಿಸಿದ್ದರೆ ಈ ಬದಲಾವಣೆಯ ಸಾಕ್ಷ್ಯವೂ ಅಳಿಸಿಹೋಗುತ್ತಿತ್ತು.

ಈಗ ‘ನೀಹಾರಿಕೆ’ ಎಂಬ ಪದದ ವಿಷಯಕ್ಕೆ ಬರುತ್ತೇನೆ. ತಮ್ಮ ಪುಟದ ತಪ್ಪು ನಿಜವಾಗಿ ಬಹಳ ಹಳೆಯ ತಪ್ಪು. ದೇವಯಾನಿಯ ಆ ಬೆಳಕನ್ನು 964ರಲ್ಲಿಯೇ ಪರ್ಷಿಯಾದ ಅಲ್ ಸೂಫಿ ‘ಚಿಕ್ಕ ಮೋಡ’ ಎಂದು ದಾಖಲಿಸಿದ್ದರು. ಮೆಸ್ಸಿಯೇ, ಹರ್ಷಲ್, ಡ್ರೇಯರ್ ಎಲ್ಲರ ಪಟ್ಟಿಗಳಲ್ಲೂ ಮಸುಕಾದದ್ದೆಲ್ಲ ನೀಹಾರಿಕೆಯೇ. ತಾವು ಏನನ್ನು ಎಣಿಸುತ್ತಿದ್ದೇವೆ ಎಂಬುದು ತಿಳಿಯದೆಯೇ ಅವರು ಎಣಿಸಿದರು, ಮತ್ತು ಸರಿಯಾಗಿಯೇ ಎಣಿಸಿದರು. 1864ರ ಆಗಸ್ಟ್ 29ರಂದು ವಿಲಿಯಂ ಹಗಿನ್ಸ್ ಎನ್‌ಜಿಸಿ 6543ರ ಬೆಳಕನ್ನು ರೋಹಿತದರ್ಶಕದಲ್ಲಿ ಬಣ್ಣಗಳ ಪಟ್ಟಿಯಾಗಿ, ಅಂದರೆ ರೋಹಿತವಾಗಿ, ಒಡೆದು ನೋಡಿದಾಗ ನಕ್ಷತ್ರಗಳ ಅಖಂಡ ರೋಹಿತದ ಬದಲು ಬಿಡಿ ಹೊಳಪು ಗೆರೆಗಳು ಕಂಡವು; ಅದು ಅನಿಲ. ದೇವಯಾನಿಯ ರೋಹಿತವಾದರೋ ನಕ್ಷತ್ರಗಳದ್ದನ್ನೇ ಹೋಲುತ್ತಿತ್ತು. ಒಂದೇ ಪಟ್ಟಿಯ ಎರಡು ಸಾಲುಗಳು ಎರಡು ಬೇರೆ ಜಾತಿಯ ವಸ್ತುಗಳೆಂಬುದು ಆಗ ಹೊಳೆಯಿತು. ಹೆನ್ರಿಯೆಟ್ಟಾ ಲೆವಿಟ್ 1912ರಲ್ಲಿ ಪ್ರಕಟಿಸಿದ ಸೀಫಿಡ್ ನಕ್ಷತ್ರಗಳ ನಿಯಮವನ್ನು (ಹೊಳಪು ಏರಿಳಿಯುವ ಅವಧಿಯಿಂದ ಅವುಗಳ ನಿಜ ಪ್ರಕಾಶವನ್ನೂ ಅದರಿಂದ ದೂರವನ್ನೂ ತಿಳಿಯಬಹುದು) ಹಿಡಿದು ಎಡ್ವಿನ್ ಹಬಲ್ 1923ರಲ್ಲಿ ದೇವಯಾನಿಯಲ್ಲಿ ಅಂಥದೊಂದು ನಕ್ಷತ್ರ ಕಂಡರು. 1925ರ ಜನವರಿ 1ರಂದು ಅವರ ಪ್ರಬಂಧವನ್ನು ಸಭೆಯಲ್ಲಿ ಓದಿದಾಗ, ಅದು ನಮ್ಮ ಆಕಾಶಗಂಗೆಯ ಹೊರಗಿನ ಇನ್ನೊಂದು ಗೆಲಾಕ್ಸಿ ಎಂಬುದು ಸ್ಪಷ್ಟವಾಯಿತು. ಇಂದಿನ ಅಳತೆಯಲ್ಲಿ ಅದರ ದೂರ ಸುಮಾರು 25 ಲಕ್ಷ ಜ್ಯೋತಿರ್ವರ್ಷ. ಅದರ ಸಂಖ್ಯೆಗಳು ಮಾತ್ರ ಬದಲಾಗಲಿಲ್ಲ. ಎಂ 31 ನೀಹಾರಿಕೆಯಾಗಿದ್ದಾಗಲೂ ಎಂ 31, ಗೆಲಾಕ್ಸಿಯಾದ ಮೇಲೂ ಎಂ 31. ಅಭಿಪ್ರಾಯಕ್ಕೆ ಅಂಟಿಕೊಳ್ಳದ ಹೆಸರು ಎಷ್ಟು ಬಾಳುತ್ತದೆ ಎಂಬುದಕ್ಕೆ ಎದುರಿನ ಉದಾಹರಣೆಯೂ ಇದೆ: ಹರ್ಷಲ್ ಕೆಲವು ಕಾಯಗಳು ಗ್ರಹದ ಬಿಂಬದಂತೆ ದುಂಡಗೆ ಕಾಣುತ್ತವೆಂದು ‘ಗ್ರಹೀಯ ನೀಹಾರಿಕೆ’ ಎಂದು ಕರೆದರು. ಅವು ಸಾಯುತ್ತಿರುವ ನಕ್ಷತ್ರಗಳು ಹೊರಚೆಲ್ಲಿದ ಅನಿಲ. ಗ್ರಹಗಳಿಗೂ ಅವಕ್ಕೂ ಯಾವ ಸಂಬಂಧವೂ ಇಲ್ಲ. ಆದರೂ ಹೆಸರು ಉಳಿದು ಇಂದಿಗೂ ಹೊಸ ಓದುಗರನ್ನು ತಪ್ಪುದಾರಿಗೆ ಎಳೆಯುತ್ತಿದೆ.

ಒಂದು ಕಾಯಕ್ಕೆ ಹಲವು ಪಟ್ಟಿಗಳಲ್ಲಿ ಹಲವು ಸಂಖ್ಯೆಗಳಿದ್ದಾಗ ಅವುಗಳನ್ನು ಒಂದಕ್ಕೊಂದು ಹೊಂದಿಸುವ ಕೆಲಸವೂ ಸಣ್ಣದಲ್ಲ. ಮೆಸ್ಸಿಯೇ 1781ರಲ್ಲಿ ಕನ್ಯಾ ರಾಶಿಯಲ್ಲಿ ಕಂಡ ಎಂ 87, ಡ್ರೇಯರ್ ಪಟ್ಟಿಯ ಎನ್‌ಜಿಸಿ 4486. 1918ರಲ್ಲಿ ಹೀಬರ್ ಕರ್ಟಿಸ್ ಅದರ ಛಾಯಾಚಿತ್ರದಲ್ಲಿ ನಡುವಿನಿಂದ ಹೊರಟ ಒಂದು ನೇರ ಕಿರಣವನ್ನು ಗಮನಿಸಿದರು. ರೇಡಿಯೊ ಖಗೋಳಜ್ಞರು ಅದೇ ದಿಕ್ಕಿನಲ್ಲಿ ‘ವರ್ಗೊ ಎ’ ಎಂಬ ಪ್ರಬಲ ಆಕರವನ್ನು ಗುರುತಿಸಿದ್ದರು. ಕೇಂಬ್ರಿಜ್‌ನ ಮೂರನೆಯ ರೇಡಿಯೊ ಪಟ್ಟಿಯಲ್ಲಿ ಅದು 3ಸಿ 274. ವಿಚಿತ್ರ ಗೆಲಾಕ್ಸಿಗಳ 1966ರ ಸಂಗ್ರಹದಲ್ಲಿ ಆರ್ಪ್ 152. ಈ ಎಲ್ಲ ಹೆಸರುಗಳೂ ಒಂದೇ ಗೆಲಾಕ್ಸಿಯವು ಎಂದು ಗೊತ್ತಿದ್ದುದರಿಂದಲೇ ಮಸುಕು ಬೆಳಕು, ಕಿರಣ, ರೇಡಿಯೊ ಸದ್ದು ಮೂರೂ ಸೇರಿ ಒಂದು ಕಥೆಯಾಯಿತು, ಮತ್ತು 2019ರ ಏಪ್ರಿಲ್ 10ರಂದು ಜಗತ್ತು ನೋಡಿದ ಕಪ್ಪುಕುಳಿಯ ಮೊದಲ ಚಿತ್ರಕ್ಕೆ ಆ ಗೆಲಾಕ್ಸಿಯ ಕೇಂದ್ರವೇ ವಸ್ತುವಾಯಿತು. ಅದೇ ರೇಡಿಯೊ ಪಟ್ಟಿಯ 3ಸಿ 273ರ ಸ್ಥಾನ ಮೊದಲು ಅಷ್ಟು ನಿಖರವಾಗಿರಲಿಲ್ಲ. 1962ರಲ್ಲಿ ಚಂದ್ರ ಅದನ್ನು ಮರೆಮಾಡಿದ ಕ್ಷಣಗಳನ್ನು ಆಸ್ಟ್ರೇಲಿಯಾದ ಪಾರ್ಕ್ಸ್ ರೇಡಿಯೊ ದೂರದರ್ಶಕದಿಂದ ಅಳೆದು ಸ್ಥಾನವನ್ನು ಬಿಗಿಯಾಗಿ ನಿರ್ಧರಿಸಿದಾಗ, ಅಲ್ಲಿದ್ದದ್ದು ಸಾಧಾರಣ ನಕ್ಷತ್ರದಂತೆ ಕಾಣುವ ಒಂದು ಚುಕ್ಕೆ. ಮಾರ್ಟನ್ ಸ್ಮಿಟ್ 1963ರಲ್ಲಿ ಅದರ ರೋಹಿತ ಓದಿ, ಅದು ಸುಮಾರು 200 ಕೋಟಿ ಜ್ಯೋತಿರ್ವರ್ಷಗಳಿಗೂ ಆಚಿನದೆಂದು ಕಂಡುಕೊಂಡರು. ಕ್ವೇಸಾರ್‌ಗಳ, ಅಂದರೆ ನಕ್ಷತ್ರದಂತೆ ಕಾಣುವ ಇಂಥ ಅತಿದೂರದ ಪ್ರಖರ ಕಾಯಗಳ, ಅಧ್ಯಯನ ತೊಡಗಿದ್ದು ಪಟ್ಟಿಯ ಒಂದು ಸಾಲಿನ ಸ್ಥಾನವನ್ನು ಇನ್ನಷ್ಟು ಸರಿಯಾಗಿ ಅಳೆದುದರಿಂದ.

ನಂತರದ ವಿಶೇಷ ಪಟ್ಟಿಗಳನ್ನು ಇಲ್ಲಿ ವಿವರಿಸುವುದಿಲ್ಲ. ಕಪ್ಪು ನೀಹಾರಿಕೆಗಳಿಗೆ ಬರ್ನಾರ್ಡ್, ಗೆಲಾಕ್ಸಿ ಸಮೂಹಗಳಿಗೆ ಏಬೆಲ್, ಹೊಳೆಯುವ ಹೈಡ್ರೊಜನ್ ಮೋಡಗಳಿಗೆ ಶಾರ್ಪ್‌ಲೆಸ್ ಎಂಬ ಹೆಸರುಗಳನ್ನು ನೆನಪಿಸಿದರೆ ಸಾಕು. ಈಗ ಕಾಯಗಳ ಸಂಖ್ಯೆ ಕ್ರಮಸಂಖ್ಯೆ ಕೊಡುವ ಮಟ್ಟವನ್ನು ಮೀರಿರುವುದರಿಂದ ಹೊಸ ಪಟ್ಟಿಗಳಲ್ಲಿ ಆಕಾಶದ ಸ್ಥಾನವೇ ಹೆಸರಾಗಿರುತ್ತದೆ. ಹೆಸರುಗಳನ್ನು ಪರಸ್ಪರ ಹೊಂದಿಸುವ ಕೆಲಸವನ್ನು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನ ಸಿಂಬಾದ್ ದತ್ತಸಂಚಯ ನಿರಂತರವಾಗಿ ಮಾಡುತ್ತಿದೆ. ನಕ್ಷತ್ರಗಳ ಸ್ಥಾನ ಮತ್ತು ದೂರವನ್ನು ಅಳೆದ ಗಾಯಾ ಉಪಗ್ರಹದ 2022ರ ದತ್ತಾಂಶದಲ್ಲಿ ಸುಮಾರು 180 ಕೋಟಿ ಆಕರಗಳಿವೆ. ಅದರ ಅಳತೆಗಳು ಹಳೆಯ ಪಟ್ಟಿಗಳನ್ನೂ ಸೋಸಿವೆ: ಮೆಸ್ಸಿಯೇ ಗುಚ್ಛವೆಂದು ಬರೆದ ಎಂ 73ರ ನಾಲ್ಕು ನಕ್ಷತ್ರಗಳು ಬೇರೆ ಬೇರೆ ದೂರದಲ್ಲಿದ್ದು, ನಮ್ಮ ನೋಟಕ್ಕಷ್ಟೇ ಒಟ್ಟಾಗಿ ಕಾಣುತ್ತವೆ ಎಂಬುದು ಖಚಿತವಾಗಿದೆ. ಚಿಲಿಯಲ್ಲಿ 2025ರ ಜೂನ್‌ನಲ್ಲಿ ಮೊದಲ ಚಿತ್ರಗಳನ್ನು ಕೊಟ್ಟ ರೂಬಿನ್ ವೀಕ್ಷಣಾಲಯ ಹತ್ತು ವರ್ಷಗಳಲ್ಲಿ ಸುಮಾರು 2000 ಕೋಟಿ ಗೆಲಾಕ್ಸಿಗಳನ್ನು ದಾಖಲಿಸುವ ನಿರೀಕ್ಷೆಯಿದೆ. ಇಷ್ಟನ್ನು ಕಣ್ಣಿಟ್ಟು ನೋಡಲು ಮನುಷ್ಯರು ಸಾಲರು, ಯಂತ್ರಗಳೇ ನೋಡಬೇಕು, ನಿಜ. ಆದರೂ 2007ರಲ್ಲಿ ಗೆಲಾಕ್ಸಿಗಳ ಆಕಾರವನ್ನು ವಿಂಗಡಿಸಲು ಸಾರ್ವಜನಿಕರನ್ನು ಆಹ್ವಾನಿಸಿದ ಒಂದು ಯೋಜನೆಯಲ್ಲಿ, ಐಸಿ 2497 ಎಂಬ ಗೆಲಾಕ್ಸಿಯ ಪಕ್ಕದ ವಿಚಿತ್ರ ಬೆಳಕಿನ ಮೋಡವನ್ನು ಕಂಡು ‘ಇದೇನು?’ ಎಂದು ಕೇಳಿದವರು ನೆದರ್ಲೆಂಡ್ಸ್‌ನ ಒಬ್ಬ ಶಾಲಾ ಶಿಕ್ಷಕಿ. ಹಾಗೆ ಕೇಳುವ ಓದುಗರು ತಮ್ಮ ಪತ್ರಿಕೆಗೂ ಇದ್ದಾರೆ ಎಂಬ ನಂಬಿಕೆ ನನ್ನದು.

ಆದ್ದರಿಂದ ನನ್ನ ಕೋರಿಕೆ ಸರಳವಾದದ್ದು. ಪ್ರತಿ ಚಿತ್ರದ ಕೆಳಗೆ ಕಾಯದ ಪಟ್ಟಿ ಸಂಖ್ಯೆ, ಅದು ಕಾಣುವ ನಕ್ಷತ್ರಪುಂಜ, ಅದರ ಜಾತಿ, ದೂರ ಇಷ್ಟನ್ನು ಒಂದು ಸಾಲಿನಲ್ಲಿ ಕೊಡಿ. ಜಾತಿ ಹೇಳುವಾಗ ಮೂರು ಪದಗಳನ್ನು ಬೆರೆಸದಿರಿ: ಅನಿಲ ಮತ್ತು ಧೂಳಿನ ಮೋಡ ನೀಹಾರಿಕೆ; ಒಟ್ಟಿಗೆ ಹುಟ್ಟಿ ಒಟ್ಟಿಗೆ ಇರುವ ನಕ್ಷತ್ರಗಳ ಕೂಟ ಗುಚ್ಛ; ಸಾವಿರಾರು ಕೋಟಿ ನಕ್ಷತ್ರಗಳನ್ನೂ ಅಂಥ ಮೋಡಗಳನ್ನೂ ಗುಚ್ಛಗಳನ್ನೂ ಒಳಗೊಂಡದ್ದು ಗೆಲಾಕ್ಸಿ. ‘ನಕ್ಷತ್ರಪುಂಜ’ ಎಂಬುದನ್ನು ಮಹಾವ್ಯಾಧ, ಸಿಂಹ, ಕನ್ಯಾ ಮೊದಲಾದ ಆಕಾಶದ ವಿಭಾಗಗಳಿಗೆ ಮಾತ್ರ ಮೀಸಲಿಟ್ಟರೆ ಇನ್ನೂ ಒಳ್ಳೆಯದು, ಏಕೆಂದರೆ ಗುಚ್ಛಕ್ಕೂ ಅದೇ ಪದ ಬಳಸುವ ರೂಢಿಯಿಂದ ವಿದ್ಯಾರ್ಥಿಗಳು ಗೊಂದಲಗೊಳ್ಳುವುದನ್ನು ಕಂಡಿದ್ದೇನೆ. ಚಿತ್ರದ ಬಣ್ಣಗಳು ದೀರ್ಘಕಾಲದ ಛಾಯಾಗ್ರಹಣದಿಂದ ಬಂದವು, ಕಣ್ಣಿಗೆ ಹಾಗೆ ಕಾಣುವುದಿಲ್ಲ ಎಂಬ ಸೂಚನೆಯೂ ಇರಲಿ. ಮೊದಲ ಬಾರಿಗೆ ದೂರದರ್ಶಕಕ್ಕೆ ಕಣ್ಣಿಟ್ಟವರು ಬೂದು ಬಣ್ಣದ ಮಸುಕು ಕಂಡು ನಿರಾಶರಾಗುವುದು ಅದರಿಂದ ತಪ್ಪುತ್ತದೆ.

ಕೊನೆಯದಾಗಿ, ತಾವು ‘ಗೆಲಾಕ್ಸಿ’ ಎಂದು ಪ್ರಕಟಿಸಿದ ಆ ಗೋಳಾಕಾರದ ಚಿತ್ರಕ್ಕೆ ಒಂದು ತಿದ್ದುಪಡಿ ಹಾಕಬೇಕೆಂದು ವಿನಂತಿ. ಅದು ಎಂ 13, ಎನ್‌ಜಿಸಿ 6205. ಭೀಮ ಅಥವಾ ಹರ್ಕ್ಯುಲಿಸ್ ಪುಂಜದಲ್ಲಿರುವ, ಲಕ್ಷಾಂತರ ನಕ್ಷತ್ರಗಳ ಗೋಳಾಕಾರದ ಗುಚ್ಛ. ನಮ್ಮ ಆಕಾಶಗಂಗೆಗೇ ಸೇರಿದ್ದು. ದೂರ 20 ಸಾವಿರ ಜ್ಯೋತಿರ್ವರ್ಷಗಳಿಗೂ ಹೆಚ್ಚು. 1714ರಲ್ಲಿ ಮೊದಲು ಕಂಡವರು ಎಡ್ಮಂಡ್ ಹ್ಯಾಲಿ.

ಇಂತಿ ತಮ್ಮ ವಿಶ್ವಾಸಿ,
ಓರ್ವ ಹವ್ಯಾಸಿ ಆಕಾಶ ವೀಕ್ಷಕ